ಪ್ರಶ್ನೋತ್ತರ: ಕಾನ್ಫರೆನ್ಸ್ ಟೂರ್ನಿಗೆ ಮುಂಚಿನ ಏಳು ದಿನ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ಮಾರ್ಚ್ ಎಂದರೆ ಕಾನ್ಫರೆನ್ಸ್ ಟೂರ್ನಿಗಳ ತಿಂಗಳು. ಕಾನ್ಫರೆನ್ಸ್ ಎಂದರೆ ತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಒಂದು ಗುಂಪು. ಆ ಟೂರ್ನಿಗೆ ತಂಡಗಳು ಹೇಗೆ ಸಿದ್ಧವಾಗುತ್ತವೆ ಎಂದು ಹಲವು ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡು ತಿಂಗಳು ಲೀಗ್ ಪಂದ್ಯ ಆಡಿ ಮುಗಿಸಿದ ಮೇಲೆ ಅದೇ ತಂಡಗಳಿಗೆ ಇನ್ನೊಂದು ಟೂರ್ನಿ ಯಾಕೆ?

ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ರಾಷ್ಟ್ರೀಯ ಮಟ್ಟದ ಟೂರ್ನಿಗೆ ಹೋಗಲು ಎರಡೇ ದಾರಿ. ನಿಮ್ಮ ಕಾನ್ಫರೆನ್ಸ್ ಟೂರ್ನಿ ಗೆದ್ದರೆ ನೇರ ಪ್ರವೇಶ, ಇಲ್ಲವಾದರೆ ಆಯ್ಕೆ ಸಮಿತಿ ಕರೆಯಬೇಕು. ದೊಡ್ಡ ಕಾನ್ಫರೆನ್ಸ್‌ಗಳಿಂದ ನಾಲ್ಕಾರು ತಂಡಗಳಿಗೆ ಕರೆ ಬರುವುದುಂಟು. ಸಣ್ಣ ಕಾನ್ಫರೆನ್ಸ್‌ನ ತಂಡಕ್ಕೆ ಸಾಮಾನ್ಯವಾಗಿ ಮೊದಲ ದಾರಿಯೇ ಗತಿ. ಲೀಗ್‌ನಲ್ಲಿ ಅಗ್ರಸ್ಥಾನ ಪಡೆದಿದ್ದರೂ ಮಾರ್ಚ್‌ನ ಒಂದು ಕೆಟ್ಟ ಸಂಜೆ ಎಲ್ಲವನ್ನೂ ಮುಗಿಸಬಹುದು. ದೊಡ್ಡ ಕಾನ್ಫರೆನ್ಸ್‌ಗಳಲ್ಲೊಂದಾದ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) 1954ರಿಂದಲೇ ಈ ಟೂರ್ನಿ ನಡೆಸುತ್ತಿದೆ. ಬಹಳ ಕಾಲ ಬೇಡವೆಂದೇ ಇದ್ದ ಐವಿ ಲೀಗ್ 2017ರಲ್ಲಿ ನಾಲ್ಕು ತಂಡಗಳ ಟೂರ್ನಿ ಆರಂಭಿಸಿತು.

2024ರ ನಾರ್ತ್ ಕೆರೊಲಿನಾ ಸ್ಟೇಟ್ ತಂಡವನ್ನು ನೋಡಿ. ಲೀಗ್‌ನ ಕಡೆಯ ನಾಲ್ಕು ಪಂದ್ಯ ಸೋತು, ಎಸಿಸಿಯಲ್ಲಿ 10ನೇ ಶ್ರೇಯಾಂಕದೊಂದಿಗೆ ವಾಷಿಂಗ್ಟನ್‌ಗೆ ಬಂತು. ಐದು ದಿನದಲ್ಲಿ ಐದು ಪಂದ್ಯ ಗೆದ್ದಿತು, ಮುಂದೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರವರೆಗೂ ಹೋಯಿತು.

ಪ್ರಶ್ನೆ: ಕಡೆಯ ವಾರ ಅಭ್ಯಾಸ ಹೆಚ್ಚಿಸಬೇಕೋ, ಇಳಿಸಬೇಕೋ?

ಇಳಿಸಬೇಕು, ಆದರೆ ಇಳಿಯಬೇಕಾದ್ದು ಸಮಯ, ವೇಗವಲ್ಲ. ಎನ್‌ಸಿಎಎ ನಿಯಮದ ಪ್ರಕಾರ ಋತುವಿನಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಪಂದ್ಯದ ದಿನವನ್ನು 3 ಗಂಟೆ ಎಂದು ಹಿಡಿಯುತ್ತಾರೆ. ಮಾರ್ಚ್‌ನಲ್ಲಿ ಆ ಮಿತಿಯ ಹತ್ತಿರಕ್ಕೂ ಹೋಗಬೇಕಿಲ್ಲ. ನವೆಂಬರ್‌ನಿಂದ ಸುಮಾರು ಮೂವತ್ತು ಪಂದ್ಯ ಓಡಿದ ಕಾಲುಗಳಿವು.

ಶನಿವಾರ ಕಡೆಯ ಲೀಗ್ ಪಂದ್ಯ, ಗುರುವಾರ ಟೂರ್ನಿ ಶುರು ಎಂದಿಟ್ಟುಕೊಳ್ಳಿ. ಭಾನುವಾರ ಪೂರ್ತಿ ರಜೆ. ಸೋಮವಾರ 90 ನಿಮಿಷ; ಐವರ ಮೇಲೆ ಐವರು ಪೂರ್ಣ ಬಲದಲ್ಲಿ ಆಡುವುದು ಅದರಲ್ಲಿ 20 ನಿಮಿಷ ಮಾತ್ರ, ಅದೂ ವಾರದಲ್ಲಿ ಅದೊಂದೇ ದಿನ. ಮಂಗಳವಾರ 70ರಿಂದ 75 ನಿಮಿಷ, ಹೆಚ್ಚಿನದು ಕಡೆಯ ಎರಡು ನಿಮಿಷದ ಸನ್ನಿವೇಶಗಳಿಗೆ. ಬುಧವಾರ 45 ನಿಮಿಷ: ಶೂಟಿಂಗ್ ಮತ್ತು ನಡೆದೇ ಮಾಡುವ ತಾಲೀಮು. ಹತ್ತು ನಿಮಿಷಕ್ಕಿಂತ ಕಡಿಮೆ ಆಡಿಸುವ ಆಟಗಾರರಿಗೆ ಮಾತ್ರ ಸೋಮವಾರ, ಮಂಗಳವಾರ ಹೆಚ್ಚುವರಿ ಓಟ ಕೊಡಿ, ಅವರ ಉಸಿರಿಗೆ ಪಂದ್ಯದ ಅಭ್ಯಾಸ ಇರುವುದಿಲ್ಲ.

ಈ ವಾರ ಹೆಚ್ಚು ಕೆಡುವುದು ಹೊಸದನ್ನು ತುರುಕುವುದರಿಂದ. ಸೋತ ತಂಡದ ಕೋಚ್ ಸೋಮವಾರ ಹೊಸ ಜೋನ್ ಡಿಫೆನ್ಸ್ (ಆಳಿಗೆ ಬದಲು ಜಾಗ ಕಾಯುವ ರಕ್ಷಣೆ) ತರುತ್ತಾರೆ, ಜೊತೆಗೆ ಮೂರು ಹೊಸ ಆಟ, ಅಂದರೆ ಮೊದಲೇ ಹೆಣೆದ ನಡೆಗಳು. ಮೂಲೆಯ ಶೂಟರ್ ನನ್ನವನೋ ನಿನ್ನವನೋ ಎಂದು ಯೋಚಿಸಲು ಅರ್ಧ ಸೆಕೆಂಡ್ ಹೋಗುತ್ತದೆ. ಅಷ್ಟರಲ್ಲಿ ಚೆಂಡು ಗಾಳಿಯಲ್ಲಿರುತ್ತದೆ. ಹೊಸದು ಬೇಕೇಬೇಕೆಂದರೆ ಒಂದೇ ಒಂದು, ಅದೂ ಗೊತ್ತಿರುವುದರ ತಿದ್ದುಪಡಿಯಾಗಿರಲಿ.

ಪ್ರಶ್ನೆ: ಲೀಗ್‌ನಲ್ಲಿ ಎರಡು ಸಲ ಆಡಿದ ತಂಡವೇ ಟೂರ್ನಿಯಲ್ಲೂ ಎದುರಾದರೆ ತಯಾರಿ ಹೇಗೆ?

ಇಬ್ಬರೂ ಒಬ್ಬರನ್ನೊಬ್ಬರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಿಮ್ಮ ಪಾಯಿಂಟ್ ಗಾರ್ಡ್ (ಚೆಂಡು ನಡೆಸುವ ಆಟಗಾರ) ಮುಷ್ಟಿ ಎತ್ತಿದ ಕೂಡಲೇ ಯಾವ ಸ್ಕ್ರೀನ್ (ಡಿಫೆಂಡರ್ ದಾರಿಗೆ ಸಹ ಆಟಗಾರ ಅಡ್ಡ ನಿಲ್ಲುವುದು) ಬರುತ್ತದೆಂದು ಎದುರಾಳಿ ಬೆಂಚು ಕೂಗಿ ಹೇಳುತ್ತದೆ. ಹಾಗಾಗಿ ಮೊದಲ ಕೆಲಸ ಕೈಸನ್ನೆ ಮತ್ತು ಹೆಸರುಗಳನ್ನು ಬದಲಿಸುವುದು. ಎಲ್ಲವನ್ನೂ ಬದಲಿಸಿದರೆ ನಿಮ್ಮವರೇ ಗೊಂದಲಕ್ಕೆ ಬೀಳುತ್ತಾರೆ. ಹೆಚ್ಚು ಬಳಸುವ ನಾಲ್ಕೈದಕ್ಕೆ ಸಾಕು, ಸೋಮವಾರವೇ ಆಗಬೇಕು.

ಎರಡನೆಯದು, ಆಟ ಹಾಗೇ ಇರಲಿ, ಅದರ ಬಾಗಿಲು ಬದಲಾಗಲಿ. ‘ಹಾರ್ನ್ಸ್’ ತೆಗೆದುಕೊಳ್ಳಿ: ಗಾರ್ಡ್ ಮೇಲೆ ನಡುವಿನಲ್ಲಿ, ಫ್ರೀ ಥ್ರೋ (ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ) ಗೆರೆಯ ಎರಡು ತುದಿಗಳಲ್ಲಿ ಇಬ್ಬರು ಎತ್ತರದವರು, ಎರಡು ಮೂಲೆಗಳಲ್ಲಿ ಶೂಟರ್‌ಗಳು. ಇಡೀ ಋತು ಗಾರ್ಡ್ ಬಲಗಡೆಯ ಸ್ಕ್ರೀನ್ ಹಿಡಿದು ನುಗ್ಗಿದ್ದಾನೆ, ಎದುರಾಳಿ ಅಲ್ಲೇ ಕಾದಿರುತ್ತಾನೆ. ಈಗ ಅದೇ ನಿಲುವಿನಿಂದ ಚೆಂಡನ್ನು ಮೊದಲು ಎಡಗಡೆಯವನಿಗೆ ಕೊಟ್ಟು, ಗಾರ್ಡ್ ಅವನನ್ನು ಸುತ್ತಿ ಬಂದು ಕೈಯಿಂದ ಕೈಗೆ ಚೆಂಡು ಪಡೆದು, ಮತ್ತೆ ಅದೇ ಬಲಗಡೆಯ ಸ್ಕ್ರೀನ್‌ಗೆ ಹೋಗಲಿ. ಕಲಿಯಬೇಕಾದ್ದು ಒಂದು ಪಾಸ್ ಮಾತ್ರ. ಆದರೆ ಡಿಫೆಂಡರ್ ಒಂದು ಹೆಜ್ಜೆ ಎಡಕ್ಕೆ ಸರಿದಿರುತ್ತಾನೆ, ಆ ಒಂದು ಹೆಜ್ಜೆಗಾಗಿಯೇ ಇಷ್ಟೆಲ್ಲ.

ವಿಡಿಯೊ 12 ನಿಮಿಷ ಮೀರಬಾರದು, ಇಪ್ಪತ್ತು ತುಣುಕು ಸಾಕು. ಚೆಂಡು ಹಿಡಿದವನಿಗೆ ಸ್ಕ್ರೀನ್ ಬಂದಾಗ ಅವರು ಹಿಂದೆ ಸರಿಯುತ್ತಾರೋ, ಮೇಲೆ ನುಗ್ಗುತ್ತಾರೋ, ಆಳು ಬದಲಿಸುತ್ತಾರೋ. ಬುಟ್ಟಿಯ ಕೆಳಗಿನ ಗೆರೆಯಿಂದ ಚೆಂಡು ಒಳಗೆಸೆಯುವಾಗ ಮೊದಲ ಕಣ್ಣು ಯಾರ ಮೇಲೆ. ಒಬ್ಬೊಬ್ಬ ಆಟಗಾರನ ಬಗ್ಗೆ ಒಂದೊಂದು ಸಾಲು. ‘ಇವನನ್ನು ಎಡಕ್ಕೆ ತಳ್ಳು’, ‘ಇವನ ಹುಸಿ ಶಾಟ್‌ಗೆ ಹಾರಬೇಡ’ ಎನ್ನುವಷ್ಟು ಚಿಕ್ಕದಿರಲಿ.

ಟೂರ್ನಿ ಶುರುವಾದ ಮೇಲೆ ಅಂಗಣ ಸಿಗುವುದು ಕಷ್ಟ. ಹೋಟೆಲಿನ ದೊಡ್ಡ ಹಾಲ್‌ನಲ್ಲಿ ಕಾರ್ಪೆಟ್ ಮೇಲೆ ಟೇಪ್ ಅಂಟಿಸಿ ತಾಲೀಮು ಮಾಡುವುದು ರೂಢಿ. ಟೇಪನ್ನು ಅಳತೆ ಮಾಡಿಯೇ ಅಂಟಿಸಿ: ಬುಟ್ಟಿಯ ಮುಂದಿನ ಆಯತವಾದ ಲೇನ್‌ನ ಅಗಲ 12 ಅಡಿ, ಕೆಳಗಿನ ಗೆರೆಯಿಂದ ಫ್ರೀ ಥ್ರೋ ಗೆರೆಗೆ 19 ಅಡಿ. ಅಂದಾಜಿನಲ್ಲಿ ಚಿಕ್ಕದಾಗಿ ಹಾಕಿದರೆ ಆಟಗಾರರು ಕಲಿಯುವ ಅಂತರವೇ ತಪ್ಪು, ಸಂಜೆ ಸ್ಕ್ರೀನ್‌ಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಇನ್ನು, ಮುಂದಿನ ಎದುರಾಳಿ ಯಾರೆಂದು ಕೆಲವೊಮ್ಮೆ ತಿಳಿಯುವುದೇ ರಾತ್ರಿ ಹನ್ನೊಂದಕ್ಕೆ. ಸಂಭವನೀಯ ಎರಡೂ ತಂಡಗಳ ವರದಿಯನ್ನು ಇಬ್ಬರು ಸಹಾಯಕ ಕೋಚ್‌ಗಳು ಬೇರೆ ಬೇರೆಯಾಗಿ ಮೊದಲೇ ಮುಗಿಸಿಟ್ಟಿರಬೇಕು. ಒಂದು ವರದಿ ವ್ಯರ್ಥವಾಗುತ್ತದೆ, ಆಗಲಿ.

ಪ್ರಶ್ನೆ: ಅಭ್ಯಾಸದಲ್ಲಿ ಎಂಬತ್ತು ಪ್ರತಿಶತ ಫ್ರೀ ಥ್ರೋ ಹಾಕುವವರು ಪಂದ್ಯದ ಕೊನೆಯಲ್ಲಿ ತಪ್ಪುವುದೇಕೆ? ಮೂರು ಅಂಕ ಮುಂದಿದ್ದಾಗ ಫೌಲ್ ಮಾಡಬೇಕೆ?

ಎರಡೂ ಒಂದೇ ಪಾಠದ ಭಾಗಗಳು. ಅಭ್ಯಾಸದಲ್ಲಿ ಒಂದೇ ಜಾಗದಲ್ಲಿ ನಿಂತು ಐವತ್ತು ಹಾಕುತ್ತಾರೆ. ಹತ್ತನೆಯದರ ಹೊತ್ತಿಗೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ. ಪಂದ್ಯದಲ್ಲಿ ಸಿಗುವುದು ಓಡಿ ಬಂದ ಉಸಿರಿನಲ್ಲಿ ಎರಡೇ ಎರಡು. ಆದ್ದರಿಂದ ಈ ವಾರ ಪ್ರತಿ ಡ್ರಿಲ್ ಮುಗಿದಾಗ 94 ಅಡಿಯ ಅಂಗಣವನ್ನು ಎರಡು ಸಲ ಓಡಿ, ಹತ್ತು ಸೆಕೆಂಡಿನೊಳಗೆ ಗೆರೆಗೆ ಬಂದು, ಒಂದೋ ಎರಡೋ ಎಸೆತ. ಎಲ್ಲವನ್ನೂ ಬರೆದಿಡಿ. ತಪ್ಪು ಹೆಚ್ಚಾಗಿ ಮುಂಭಾಗದ ರಿಮ್‌ಗೆ ಬಡಿದರೆ ದೋಷ ಕೈಯಲ್ಲಿಲ್ಲ, ಮೊಣಕಾಲು ಬಗ್ಗುತ್ತಿಲ್ಲ. ದಣಿದವರು ಕಾಲಿನ ಕೆಲಸವನ್ನು ತೋಳಿಗೆ ಹೊರಿಸುತ್ತಾರೆ.

ಪುರುಷರ ಆಟದಲ್ಲಿ ಒಂದು ಅರ್ಧದ ಏಳನೇ ತಂಡ ಫೌಲ್‌ನಿಂದ ‘ಒನ್ ಅಂಡ್ ಒನ್’: ಮೊದಲನೆಯದು ಬಿದ್ದರಷ್ಟೇ ಎರಡನೆಯದು. ಹತ್ತನೆಯದರಿಂದ ಎರಡೂ ಖಚಿತ. ಲೆಕ್ಕ ಹಾಕಿ: 80 ಪ್ರತಿಶತದವನಿಂದ ಒನ್ ಅಂಡ್ ಒನ್‌ನಲ್ಲಿ ಸರಾಸರಿ 1.44 ಅಂಕ, 70ರವನಿಂದ 1.19, 60ರವನಿಂದ 0.96. ಮುನ್ನಡೆಯಲ್ಲಿರುವಾಗ ಚೆಂಡನ್ನು ಒಳಗೆಸೆದರೆ ಅದು ಯಾರ ಕೈಗೆ ಹೋಗಬೇಕೆಂದು ಈ ಅಂಕಿಗಳೇ ಹೇಳುತ್ತವೆ. ಒಳಗೆಸೆಯುವವನೂ ಒಳ್ಳೆಯ ಶೂಟರ್ ಆಗಿರಲಿ, ಚೆಂಡು ಅವನಿಗೇ ಮರಳಿ ಬರುವುದು ಹೆಚ್ಚು.

ಫೌಲ್ ಮಾಡಬೇಕೆ? ಆರು ಸೆಕೆಂಡಿಗಿಂತ ಕಡಿಮೆ ಉಳಿದಿದ್ದು, ಅವರು ಬೋನಸ್‌ನಲ್ಲಿದ್ದರೆ (ಫೌಲ್‌ಗೆ ಫ್ರೀ ಥ್ರೋ ಸಿಗುವ ಹಂತ) ಮಾಡಿ ಎಂಬುದು ನಮ್ಮ ಅಭಿಪ್ರಾಯ. ಆಗ ಅವರಿಗೆ ಸಿಗುವುದು ಹೆಚ್ಚೆಂದರೆ ಎರಡು ಎಸೆತ, ಸಮ ಮಾಡುವ ಮೂರಂಕದ ಶಾಟ್ ಅಲ್ಲ. ಅಭ್ಯಾಸ ಮಾಡದೆ ಮಾತ್ರ ಬೇಡ. ಡ್ರಿಬಲ್ ಮಾಡುತ್ತಾ ಅಡ್ಡಕ್ಕೆ ಓಡುವಾಗ ಅಥವಾ ಬುಟ್ಟಿಗೆ ಬೆನ್ನು ಮಾಡಿರುವಾಗ, ಚೆಂಡಿನ ಮೇಲೆ ಕೈ ಹಾಕಿ ಫೌಲ್ ಮಾಡಬೇಕು. ಎರಡೂ ಕೈಯಲ್ಲಿ ಚೆಂಡು ಹಿಡಿದು ಮೇಲೇಳಲು ಶುರುಮಾಡಿದ್ದರೆ ಕೈ ಹಿಂದಕ್ಕೆ. ಆಗ ಮುಟ್ಟಿದರೆ ಮೂರು ಫ್ರೀ ಥ್ರೋ. ಅಂಗಿ ಎಳೆದರೆ ಉದ್ದೇಶಪೂರ್ವಕ ಎಂದಾಗಿ ಚೆಂಡೂ ಅವರಿಗೇ ಹೋಗಬಹುದು. ಅವರು ಕೊನೆಯ ಎಸೆತವನ್ನು ಬೇಕೆಂದೇ ತಪ್ಪಿಸಿ ರೀಬೌಂಡ್‌ಗೆ ನುಗ್ಗುತ್ತಾರೆ. ಲೇನ್ ಬದಿಯಲ್ಲಿ ನಿಮ್ಮವರು ನಾಲ್ವರು, ಅವರು ಇಬ್ಬರು ನಿಲ್ಲಬಹುದು. ಅವರ ಒಬ್ಬೊಬ್ಬನನ್ನು ನಿಮ್ಮ ಇಬ್ಬಿಬ್ಬರು ಎರಡೂ ಬದಿಯಿಂದ ಒತ್ತಿ ಹಿಡಿಯಲಿ, ನಿಮ್ಮವರಲ್ಲೊಬ್ಬ ಕೂಡಲೇ ಎಸೆದವನ ಮುಂದೆ ಬರಲಿ. ಎಸೆದವನನ್ನು ಮರೆಯುವುದೇ ಇಲ್ಲಿ ಮಾಮೂಲಿ ತಪ್ಪು. ಮಂಗಳವಾರ ಇದನ್ನು ಎಂಟು ಸಲವಾದರೂ ಮಾಡಿಸಿ.

2024ರ ಅದೇ ಎಸಿಸಿ ಸೆಮಿಫೈನಲ್‌ನಲ್ಲಿ ಮೂರು ಅಂಕ ಮುಂದಿದ್ದ ವರ್ಜೀನಿಯಾ ಕೊನೆಯ ಸೆಕೆಂಡುಗಳಲ್ಲಿ ಒನ್ ಅಂಡ್ ಒನ್‌ನ ಮೊದಲ ಎಸೆತ ತಪ್ಪಿಸಿತು. ನಾರ್ತ್ ಕೆರೊಲಿನಾ ಸ್ಟೇಟ್‌ನ ಮೈಕಲ್ ಓ’ಕಾನೆಲ್ ಓಡಿಬಂದು ಎಸೆದ ಮೂರಂಕದ ಚೆಂಡು ಬೋರ್ಡಿಗೆ ಬಡಿದು ಒಳಬಿತ್ತು. ಹೆಚ್ಚುವರಿ ಅವಧಿಯಲ್ಲಿ 73–65.

ಪ್ರಶ್ನೆ: ಹೊಸ ಅರೀನಾದಲ್ಲಿ ಶೂಟಿಂಗ್ ಕೆಡುತ್ತದೆ ಎನ್ನುತ್ತಾರೆ, ನಿಜವೆ?

ಬುಟ್ಟಿಯ ಹಿಂದೆ ಹತ್ತಿರದಲ್ಲೇ ಗೋಡೆ ನೋಡಿ ಅಭ್ಯಾಸವಾದವರಿಗೆ ದೊಡ್ಡ ಅರೀನಾದ ಖಾಲಿ ಆಳ ದೂರವನ್ನು ಮರೆಮಾಚುತ್ತದೆ. ಶೂಟಿಂಗ್‌ಗೆ ಕೊಟ್ಟ ಸಮಯದಲ್ಲಿ ನೇರವಾಗಿ 22 ಅಡಿ 1¾ ಇಂಚಿನ ಮೂರಂಕದ ಗೆರೆಗೆ ಹೋಗಬೇಡಿ. ಐದಡಿಯಿಂದ ಶುರುಮಾಡಿ ಹಿಂದೆ ಸರಿಯುತ್ತ ಹೋಗಿ, ಎರಡೂ ಬುಟ್ಟಿಗಳಲ್ಲಿ.

ಚೆಂಡಿನ ವಿಷಯ ಇನ್ನೂ ಮುಖ್ಯ. ಲೀಗ್‌ನಲ್ಲಿ ಆತಿಥೇಯ ತಂಡ ತನ್ನ ಒಪ್ಪಂದದ ಕಂಪನಿಯ ಚೆಂಡು ಬಳಸುತ್ತದೆ, ಟೂರ್ನಿಯದು ಬೇರೆ ಇರಬಹುದು. ತೊಗಲಿನ ಹಿಡಿತ, ಗೆರೆಗಳ ಆಳ ಬೆರಳಿಗೆ ತಕ್ಷಣ ತಿಳಿಯುತ್ತದೆ. ಎರಡು ವಾರ ಮೊದಲೇ ಆ ಚೆಂಡು ತರಿಸಿ. ಹೊಸ ಚೆಂಡು ಜಾರುತ್ತದೆ, ದಿನವೂ ಬಳಸಿ ಪಳಗಿಸಿ. ಪುರುಷರ ಚೆಂಡನ್ನು 6 ಅಡಿಯಿಂದ ಬಿಟ್ಟರೆ ಅದರ ಮೇಲ್ತುದಿ 49ರಿಂದ 54 ಇಂಚಿನೊಳಗೆ ಪುಟಿಯಬೇಕು. ಗಾಳಿ ಸರಿಯಿದೆಯೇ ಎಂದು ನೋಡಲು ಅಷ್ಟು ಸಾಕು.

ಪ್ರಶ್ನೆ: ದಿನಕ್ಕೊಂದರಂತೆ ಮೂರು ನಾಲ್ಕು ಪಂದ್ಯ. ದೇಹ ಹೇಗೆ ತಡೆಯುತ್ತದೆ?

ಬಿಗ್ ಈಸ್ಟ್ ಕಾನ್ಫರೆನ್ಸ್ ಟೂರ್ನಿಯಲ್ಲಿ 2009ರ ಸಿರಾಕ್ಯೂಸ್ ತಂಡ ಕನೆಕ್ಟಿಕಟ್ ವಿರುದ್ಧ ಆರು ಹೆಚ್ಚುವರಿ ಅವಧಿ ಆಡಿ 127–117ರಲ್ಲಿ ಗೆದ್ದಾಗ ಗಾರ್ಡ್ ಜಾನಿ ಫ್ಲಿನ್ 67 ನಿಮಿಷ ಅಂಗಣದಲ್ಲಿದ್ದರು. ಮರುದಿನ ಸಂಜೆ ಅದೇ ತಂಡ ಮತ್ತೊಂದು ಹೆಚ್ಚುವರಿ ಅವಧಿಯ ಪಂದ್ಯ ಗೆದ್ದಿತು, ಅದರ ಮರುದಿನ ಫೈನಲ್‌ನಲ್ಲಿ ಲೂಯಿವಿಲ್‌ಗೆ ಸೋತಿತು.

ಪಂದ್ಯದ ಮೊದಲು ಮತ್ತು ನಂತರ ಎಲ್ಲರನ್ನೂ ತೂಗಿ. ಇಳಿದ ಒಂದೊಂದು ಕಿಲೋಗೆ ಸುಮಾರು ಒಂದೂವರೆ ಲೀಟರ್ ನೀರು, ಉಪ್ಪಿನಂಶದ ಜೊತೆ, ಒಂದೇ ಸಲಕ್ಕಲ್ಲ, ಮಲಗುವವರೆಗೆ ಸ್ವಲ್ಪ ಸ್ವಲ್ಪವಾಗಿ. ಮೊದಲ ನಾಲ್ಕು ಗಂಟೆ ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ 1ರಿಂದ 1.2 ಗ್ರಾಂ ಕಾರ್ಬೋಹೈಡ್ರೇಟ್. 90 ಕಿಲೋ ಆಟಗಾರನಿಗೆ ಗಂಟೆಗೆ ನೂರು ಗ್ರಾಂನಷ್ಟು. ಜೊತೆಗೆ 20ರಿಂದ 40 ಗ್ರಾಂ ಪ್ರೋಟೀನ್. ರಾತ್ರಿ ಹತ್ತಕ್ಕೆ ಪಂದ್ಯ ಮುಗಿದರೆ ಊಟ ಲಾಕರ್ ಕೋಣೆಗೇ ಬಂದಿರಬೇಕು. ಹೋಟೆಲಿಗೆ ಹೋಗಿ ಆರ್ಡರ್ ಮಾಡುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ.

ನಿದ್ದೆಗೆ ಸಮನಾದದ್ದು ಯಾವುದೂ ಇಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಚೆರಿ ಮಾ ಮತ್ತು ಸಂಗಡಿಗರು 11 ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಐದರಿಂದ ಏಳು ವಾರ, ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರುವ ಗುರಿಯಿಟ್ಟು ಮಲಗಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಫ್ರೀ ಥ್ರೋ 9 ಪ್ರತಿಶತ, ಮೂರಂಕದ ಶಾಟ್ 9.2 ಪ್ರತಿಶತ ಸುಧಾರಿಸಿತ್ತು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಆದರೂ ದಿಕ್ಕು ಸ್ಪಷ್ಟ. ಒಂದು ರಾತ್ರಿಯಲ್ಲಿ ಬರುವ ಫಲ ಇದಲ್ಲ, ಫೆಬ್ರುವರಿಯಿಂದಲೇ ಶುರುಮಾಡಬೇಕು.

ಪಂದ್ಯದೊಳಗೂ ವಿಶ್ರಾಂತಿ ಕದಿಯಬಹುದು. ಪುರುಷರ ಪಂದ್ಯದ ಪ್ರತಿ ಅರ್ಧದಲ್ಲಿ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಆಟ ನಿಂತಾಗ ಟಿವಿ ವಿರಾಮ. ಮುಖ್ಯ ಆಟಗಾರನನ್ನು 12:40ರ ಹೊತ್ತಿಗೆ ಹೊರಗೆ ಕರೆದು ವಿರಾಮ ಮುಗಿದ ಮೇಲೆ ಕಳಿಸಿದರೆ ಗಡಿಯಾರದಲ್ಲಿ ಒಂದೇ ನಿಮಿಷ ಹೋಗಿರುತ್ತದೆ, ಅವನು ಮಾತ್ರ ಮೂರ್ನಾಲ್ಕು ನಿಮಿಷ ಕೂತಿರುತ್ತಾನೆ.

ಪ್ರಶ್ನೆ: ಮಹಿಳಾ ತಂಡಕ್ಕೂ ಇದೇ ತಯಾರಿಯೆ?

ಬಹುಪಾಲು ಇದೇ. 2015–16ರಿಂದ ಅವರದು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಒನ್ ಅಂಡ್ ಒನ್ ಇಲ್ಲ, ಪ್ರತಿ ಕ್ವಾರ್ಟರ್‌ನ ಐದನೇ ಫೌಲ್‌ನಿಂದ ನೇರ ಎರಡು ಎಸೆತ. ಫೌಲ್ ಲೆಕ್ಕ ಪ್ರತಿ ಕ್ವಾರ್ಟರ್‌ಗೆ ಹೊಸದಾಗುವುದರಿಂದ ಕ್ವಾರ್ಟರ್‌ನ ಕಡೆಯ ನಿಮಿಷದಲ್ಲಿ ಉಳಿದ ಫೌಲ್ ಎಷ್ಟೆಂದು ಬೆಂಚಿನಿಂದ ಒಬ್ಬರು ಕೂಗುತ್ತಿರಬೇಕು. ನಾಲ್ಕನೇ ಕ್ವಾರ್ಟರ್‌ನ ಕಡೆಯ ನಿಮಿಷದೊಳಗೆ ಟೈಮ್‌ಔಟ್ ತೆಗೆದರೆ ಚೆಂಡನ್ನು ಅಂಗಣದ ಎದುರಾಳಿ ಬುಟ್ಟಿಯ ಕಡೆಯ ಅರ್ಧಕ್ಕೆ ಒಯ್ಯಬಹುದು, ಹಾಗಾಗಿ ಒಂದು ಟೈಮ್‌ಔಟ್ ಕಡ್ಡಾಯವಾಗಿ ಉಳಿಸಿ.

ಪ್ರಶ್ನೆ: ತಂಡದ ಮ್ಯಾನೇಜರ್ ಕೆಲಸ ಮಾಡುವ ವಿದ್ಯಾರ್ಥಿ ಏನೇನು ಮರೆಯಬಾರದು?

ತಿಳಿ ಮತ್ತು ಗಾಢ, ಎರಡೂ ಬಣ್ಣದ ಜೆರ್ಸಿ. ಮೇಲಿನ ಶ್ರೇಯಾಂಕದ ತಂಡ ತಿಳಿಬಣ್ಣ ತೊಡುತ್ತದೆ, ಎದುರಾಳಿ ಬದಲಾದಂತೆ ನಿಮ್ಮ ಬಣ್ಣವೂ ಬದಲಾಗುತ್ತದೆ. ರಕ್ತದ ಕಲೆಯಾದ ಜೆರ್ಸಿಯಲ್ಲಿ ಆಡಲು ಬಿಡುವುದಿಲ್ಲ, ಆದ್ದರಿಂದ ಯಾರಿಗೂ ಕೊಡದ ಸಂಖ್ಯೆಯ ಒಂದೊಂದು ಜೆರ್ಸಿ ಎರಡೂ ಬಣ್ಣದಲ್ಲಿ ಇರಲಿ. ಶೂ ಲೇಸ್ ಹತ್ತು ಜೊತೆ, ಕಣಕಾಲಿಗೆ ಸುತ್ತುವ ಟೇಪ್ ಫೈನಲ್‌ವರೆಗಿನ ದಿನಗಳ ಲೆಕ್ಕದಲ್ಲಿ, ತೂಕದ ಯಂತ್ರ, ಕಾರ್ಪೆಟ್‌ಗೆ ಅಂಟಿಸುವ ಟೇಪ್, ಅಳತೆ ಪಟ್ಟಿ. ಬಟ್ಟೆ ಒಗೆಯುವ ಯಂತ್ರ ಹೋಟೆಲಿನಲ್ಲಿ ರಾತ್ರಿ ಎಷ್ಟರವರೆಗೆ ಸಿಗುತ್ತದೆಂದು ಹೋದ ದಿನವೇ ಕೇಳಿ ಬರೆದಿಡಿ. ಗೆದ್ದ ರಾತ್ರಿ ಹನ್ನೆರಡಕ್ಕೆ ಒದ್ದೆ ಜೆರ್ಸಿಗಳ ಚೀಲ ಹಿಡಿದು ಹುಡುಕುವಂತಾಗಬಾರದು.