ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ, ಮದರ್‌ಬೋರ್ಡ್ ಬದಲಿಸಬೇಕಾ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ಮನೆಯ ಡೆಸ್ಕ್‌ಟಾಪ್, ನಾಲ್ಕೈದು ವರ್ಷ ಹಳೆಯದು. ಗೇಮ್ ಆಡುವಾಗ ಪರದೆ ಕಪ್ಪಾಗಿ ತಾನಾಗೇ ರೀಸ್ಟಾರ್ಟ್ ಆಗುತ್ತದೆ. ಕೆಲವೊಮ್ಮೆ ಸುಮ್ನೆ ಬ್ರೌಸರ್ ತೆರೆದಿಟ್ಟಾಗಲೂ ಹಾಗೇ ಆಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೂ ಸರಿಹೋಗಿಲ್ಲ. ರಿಪೇರಿಯವರು ನೋಡಿ ಮದರ್‌ಬೋರ್ಡ್ ಹೋಗಿದೆ ಅಂದಿದ್ದಾರೆ.

ಈಗಲೇ ಬದಲಿಸಬೇಡಿ. ಮದರ್‌ಬೋರ್ಡ್ ಕೆಟ್ಟಿದೆ ಅಂತ ನೇರವಾಗಿ ತೋರಿಸುವ ಪರೀಕ್ಷೆ ಮನೆಯಲ್ಲಿ ಮಾಡೋದು ಕಷ್ಟ. ಬೇರೆಲ್ಲ ಭಾಗಗಳೂ ಸರಿಯಿವೆ ಅಂತ ಗೊತ್ತಾದ ಮೇಲೆ ಉಳಿಯುವ ಅನುಮಾನ ಅದು. ಮೊದಲ ದಿನವೇ ಅದರ ಹೆಸರು ಹೇಳಿದರೆ ಯಾವ ಆಧಾರದ ಮೇಲೆ ಅಂತ ಕೇಳಬೇಕಾಗುತ್ತದೆ.

ಮೊದಲು ಒಂದೇ ಒಂದು ವಿಷಯ ಪತ್ತೆ ಮಾಡಿ: ವಿಂಡೋಸ್ ಏನೋ ತಪ್ಪು ಕಂಡು ತಾನೇ ರೀಸ್ಟಾರ್ಟ್ ಮಾಡಿತೋ, ಅಥವಾ ಅದಕ್ಕೆ ತಿಳಿಯುವ ಮೊದಲೇ ಕರೆಂಟ್ ತಪ್ಪಿತೋ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಯಾಕಂದ್ರೆ ನೀಲಿ ಪರದೆ ಬಂದರೂ ವಿಂಡೋಸ್ ಅದನ್ನು ಸ್ವಲ್ಪ ಹೊತ್ತು ತೋರಿಸಿ ತಾನೇ ರೀಸ್ಟಾರ್ಟ್ ಆಗುತ್ತದೆ. ಹಾಗಾಗಿ ಇವತ್ತೇ ಇದನ್ನು ಮಾಡಿ: ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್’ ಅಂತ ಹುಡುಕಿ ತೆರೆಯಿರಿ. ಅಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ಅನ್ನುವ ಕಡೆ ಸೆಟ್ಟಿಂಗ್ಸ್ ಒತ್ತಿ, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಇನ್ನು ಮೇಲೆ ನೀಲಿ ಪರದೆ ಬಂದರೆ ಅದು ನಿಂತಿರುತ್ತದೆ, ಫೋಟೋ ತೆಗೆದುಕೊಳ್ಳಬಹುದು. ಟಿಕ್ ತೆಗೆದ ಮೇಲೂ ಪಟ್ ಅಂತ ರೀಸ್ಟಾರ್ಟ್ ಆದರೆ ವಿಂಡೋಸ್ ಮಾಡಿದ್ದಲ್ಲ ಅಂತ ಹೆಚ್ಚೂಕಡಿಮೆ ಖಚಿತ.

ಎರಡನೆಯದು ಈವೆಂಟ್ ವ್ಯೂವರ್, ಅಂದರೆ ಏನೇನಾಯಿತು ಅಂತ ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸುವ ತಂತ್ರಾಂಶ. ಅದರಲ್ಲಿ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಂ’. ಕೆಂಪು ಗುರುತಿನ ಜೊತೆ ‘ಕರ್ನಲ್-ಪವರ್ 41’ ಅಂತ ಸಾಲು ಇದ್ದೇ ಇರುತ್ತದೆ. ಹೆಸರಲ್ಲಿ ಪವರ್ ಅಂತ ಇದೆಯಲ್ಲ, ಅದನ್ನು ನೋಡಿ ತುಂಬಾ ಜನ ಪವರ್ ಸಪ್ಲೈ (ಒಳಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ) ಹೋಗಿದೆ ಅಂದುಕೊಂಡು ಹೊಸದು ತಂದುಬಿಡುತ್ತಾರೆ. ಆ ಸಾಲು ಹಾಗೆ ಹೇಳುತ್ತಿಲ್ಲ. ಮತ್ತೆ ಆನ್ ಆದಾಗ ವಿಂಡೋಸ್ ‘ಹಿಂದಿನ ಸಲ ನನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಿರಲಿಲ್ಲ’ ಅಂತ ಬರೆದುಕೊಳ್ಳುತ್ತದೆ, ಅಷ್ಟೇ. ನಿಜವಾದ ವಿಷಯ ಇರೋದು ‘ಡೀಟೇಲ್ಸ್’ ಟ್ಯಾಬ್‌ನಲ್ಲಿ. ಅಲ್ಲಿ ‘ಬಗ್‌ಚೆಕ್‌ಕೋಡ್’ ಅಂತ ಒಂದು ಸಂಖ್ಯೆ ಇರುತ್ತದೆ.

ಅದು 0 ಆಗಿದ್ದರೆ ವಿಂಡೋಸ್‌ಗೆ ಏನಾಯಿತು ಅಂತಲೇ ಗೊತ್ತಿಲ್ಲ. ಕರೆಂಟ್ ತಪ್ಪಿರಬೇಕು, ರೀಸೆಟ್ ಸಿಗ್ನಲ್ ಬಂದಿರಬೇಕು, ಇಲ್ಲಾ ಪೂರ್ತಿ ಸ್ತಬ್ಧವಾಗಿ ಬರೆಯೋಕೂ ಆಗಿರಲಿಕ್ಕಿಲ್ಲ. 0 ಬಿಟ್ಟು ಬೇರೆ ಸಂಖ್ಯೆ ಇದ್ದರೆ ಅದೇ ನೀಲಿ ಪರದೆಯ ಕೋಡ್. ಆದರೆ ಇಲ್ಲಿ ಅದು ಮಾಮೂಲಿ ದಶಮಾಂಶದಲ್ಲಿರುತ್ತದೆ, ಹುಡುಕುವಾಗ ಹೆಕ್ಸ್‌ಗೆ (16ರ ಆಧಾರದ ಸಂಖ್ಯೆಗೆ) ಬದಲಿಸಿಕೊಳ್ಳಬೇಕು. 292 ಅಂದರೆ 0x124: ಹಾರ್ಡ್‌ವೇರೇ ತಪ್ಪು ವರದಿ ಮಾಡಿದೆ ಅಂತ. ಪ್ರೊಸೆಸರ್, ಅದಕ್ಕೆ ಹೋಗುವ ವೋಲ್ಟೇಜ್, ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸೋದು) ಕಡೆ ನೋಡಬೇಕು. 26 ಅಂದರೆ 0x1A, ಮೆಮೊರಿ ನಿರ್ವಹಣೆಯ ತಕರಾರು, ರ‍್ಯಾಮ್ ಮೇಲೆ ಅನುಮಾನ ಪಡಬಹುದು. 278 ಅಂದರೆ 0x116, ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್. ಅದೇ ಲಾಗ್‌ನಲ್ಲಿ ‘ಡಬ್ಲ್ಯೂಎಚ್‌ಇಎ-ಲಾಗರ್’ ಹೆಸರಿನ ಸಾಲುಗಳಿವೆಯಾ ಅಂತಲೂ ನೋಡಿ. ಇದ್ದರೆ ಅವೂ ಹಾರ್ಡ್‌ವೇರ್ ತಪ್ಪಿನ ವರದಿಗಳೇ.

ನೀವು ಹೇಳಿದ ಲಕ್ಷಣ ನೋಡಿದರೆ 0 ಇರುತ್ತದೆ ಅಂತ ನನ್ನ ಊಹೆ. ಹಾಗಾದರೆ ಕೇಸ್ ತೆರೆಯುವ ಮುಂಚೆ ಒಂದು ಗಮನಿಸಿ. ರೀಸ್ಟಾರ್ಟ್ ಆದ ಕ್ಷಣದಲ್ಲಿ ಮಾನಿಟರ್ ಏನು ಮಾಡಿತು? ‘ಸಿಗ್ನಲ್ ಇಲ್ಲ’ ಅಂತ ತೋರಿಸಿತಾ, ಅಥವಾ ಅದರ ದೀಪವೇ ಆರಿಹೋಯಿತಾ? ಮಾನಿಟರ್, ಕಂಪ್ಯೂಟರ್ ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿದ್ದು ದೀಪವೇ ಆರಿದ್ದರೆ ತೊಂದರೆ ಕಂಪ್ಯೂಟರಿನ ಹೊರಗಿದೆ. ಸಡಿಲ ಪ್ಲಗ್, ಹಳೇ ಬೋರ್ಡ್, ಇಲ್ಲಾ ಯುಪಿಎಸ್. ಬ್ಯಾಟರಿ ಸೋತ ಯುಪಿಎಸ್ ಕರೆಂಟ್ ಒಂಚೂರು ಮಿಣುಕಿದರೂ ಕೈಕೊಡುತ್ತದೆ. ಗೇಮ್ ಆಡುವಾಗ ಲೋಡ್ ಅದರ ಸಾಮರ್ಥ್ಯ ಮೀರಿದರೂ ಅಷ್ಟೇ. ಕೆಲವು ದಿನ ಯುಪಿಎಸ್ ಬದಿಗಿಟ್ಟು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಪವರ್ ಕೇಬಲ್ಲೂ ಬೇರೆಯದು ಹಾಕಿ. ಮಾನಿಟರ್‌ನದ್ದೇ ಸಾಮಾನ್ಯವಾಗಿ ಹೊಂದುತ್ತದೆ, ಅದಲುಬದಲು ಮಾಡಿದರೆ ಸಾಕು.

ಮುಂದಿನದಕ್ಕೂ ಕಾಸು ಖರ್ಚಿಲ್ಲ, ಆದರೆ ಯಾಕೋ ಯಾರೂ ಮಾಡೋದಿಲ್ಲ. ಕೇಸ್‌ನ ಮುಂದಿನ ರೀಸೆಟ್ ಬಟನ್‌ನಿಂದ ಸಣ್ಣ ಎರಡು ತಂತಿ ಬಂದು ಮದರ್‌ಬೋರ್ಡ್‌ನ ಅಂಚಿನ ಪಿನ್‌ಗಳಿಗೆ ಸೇರಿರುತ್ತವೆ. ಪ್ಲಗ್ ಕಿತ್ತು, ಆ ಪುಟ್ಟ ಕನೆಕ್ಟರ್ ಎಳೆದು ಹಾಗೇ ಬಿಡಿ. ಬಟನ್ ಒಳಗೆ ಅಂಟಿಕೊಂಡಿದ್ದರೆ ಅಥವಾ ತಂತಿ ಎಲ್ಲೋ ಸವೆದು ತಾಗುತ್ತಿದ್ದರೆ, ಯಾರೋ ರೀಸೆಟ್ ಒತ್ತಿದಂತೆಯೇ ಆಗುತ್ತದೆ. ಸುಮ್ನೆ ಇದ್ದಾಗಲೂ ರೀಸ್ಟಾರ್ಟ್ ಆಗುತ್ತದೆ ಅಂದಿರಲ್ಲ, ಅದಕ್ಕೇ ಇದನ್ನು ಹೇಳಿದೆ.

ಕೇಸ್ ತೆರೆದಿದ್ದೀರಲ್ಲ, ಮದರ್‌ಬೋರ್ಡ್‌ನ 24 ಪಿನ್ ಕನೆಕ್ಟರ್, ಪ್ರೊಸೆಸರ್ ಪಕ್ಕದ 8 ಪಿನ್ ಕನೆಕ್ಟರ್, ಗ್ರಾಫಿಕ್ಸ್ ಕಾರ್ಡ್‌ನ ಕನೆಕ್ಟರ್ ಎಲ್ಲ ಒಂದು ಸಲ ಬಿಚ್ಚಿ ಗಟ್ಟಿಯಾಗಿ ಕೂರಿಸಿ. ಬಿಚ್ಚಿದಾಗ ಪ್ಲಾಸ್ಟಿಕ್ ಕಂದಾಗಿದೆಯಾ, ಕರಗಿದೆಯಾ ನೋಡಿ. ಅಲ್ಲಿ ಸಡಿಲವಾಗಿ ಕೂತು ಬಿಸಿಯಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಧೂಳು ಊದುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಗಿರಗಿರ ತಿರುಗಲು ಬಿಡಬೇಡಿ.

ಬಿಸಿಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಂದಾಗ ಮೊದಲು ವೇಗ ಇಳಿಸಿಕೊಳ್ಳುತ್ತವೆ. ಅದನ್ನೂ ಮೀರಿದರೆ ಸಾಮಾನ್ಯವಾಗಿ ಆಫ್ ಆಗಿಬಿಡುತ್ತವೆ, ಕೂಡಲೇ ರೀಸ್ಟಾರ್ಟ್ ಆಗೋದು ಅಪರೂಪ. ಆದರೂ ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿ, ಅದರ ಲಾಗಿಂಗ್ ಆನ್ ಮಾಡಿ ಗೇಮ್ ಆಡಿ. ರೀಸ್ಟಾರ್ಟ್ ಆದ ಮೇಲೆ ಆ ಫೈಲಿನ ಕೊನೆಯ ಸಾಲು ನೋಡಿದರೆ ಕೊನೇ ಗಳಿಗೆಯಲ್ಲಿ ಎಷ್ಟು ಬಿಸಿ ಇತ್ತು ಅಂತ ತಿಳಿಯುತ್ತದೆ.

ಈಗ ಪವರ್ ಸಪ್ಲೈ. ನನ್ನ ಮೊದಲ ಅನುಮಾನ ಇದರ ಮೇಲೇ. ಗೇಮ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಒಂದೇ ಸಮ ಕರೆಂಟ್ ಎಳೆಯೋದಿಲ್ಲ. ಮಿಲಿಸೆಕೆಂಡುಗಳ ಮಟ್ಟಿಗೆ ತನ್ನ ಸರಾಸರಿಗಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಹಳೆಯದಾದ ಅಥವಾ ಸಾಮಾನ್ಯ ಗುಣಮಟ್ಟದ ಪವರ್ ಸಪ್ಲೈ ಆ ಹೊಡೆತ ತಡೆಯಲಾಗದೆ ವೋಲ್ಟೇಜ್ ಇಳಿಸುತ್ತದೆ, ಇಲ್ಲಾ ತನ್ನ ರಕ್ಷಣೆಗೆ ಅಂತ ಕಡಿದುಕೊಳ್ಳುತ್ತದೆ. ಮಲ್ಟಿಮೀಟರ್ ಇದ್ದರೆ ನಾಲ್ಕು ಪಿನ್‌ನ ಹಳೇ ಮೋಲೆಕ್ಸ್ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕಪ್ಪು ತಂತಿಯ ನಡುವೆ ಅಳೆಯಿರಿ. ತಂತಿಯೆಲ್ಲ ಕಪ್ಪೇ ಆಗಿದ್ದರೆ ಬಣ್ಣ ಊಹಿಸಬೇಡಿ, ಪಿನ್‌ಗಳ ಚಿತ್ರ ನೋಡಿಕೊಂಡೇ ಅಳೆಯಿರಿ. 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ ಇರಬೇಕು. ಹೊರಗೆ ಹೋದರೆ ಪವರ್ ಸಪ್ಲೈ ಬದಲಿಸಲು ಅಷ್ಟೇ ಸಾಕು. ಆದರೆ ಒಳಗೇ ಇದ್ದರೆ ಅದು ಸರಿಯಿದೆ ಅಂತ ಅರ್ಥವಲ್ಲ. ಮಿಲಿಸೆಕೆಂಡಿನ ಕುಸಿತ ಮಾಮೂಲಿ ಮೀಟರ್‌ಗೆ ಕಾಣೋದೇ ಇಲ್ಲ. ತಂತ್ರಾಂಶ ತೋರಿಸುವ ವೋಲ್ಟೇಜ್ ಅಂತೂ ನಂಬಲೇಬೇಡಿ.

ಅದಕ್ಕೆ ಒಂದು ಉಪಾಯ ಇದೆ. ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿ, ಅದೇ ಗೇಮ್ ಆಡಿ. ರೀಸ್ಟಾರ್ಟ್ ನಿಂತಿತಾ? ಹಾಗಾದರೆ ಪವರ್ ಸಪ್ಲೈ, ಇಲ್ಲಾ ಗ್ರಾಫಿಕ್ಸ್ ಕಾರ್ಡ್, ಇಲ್ಲಾ ಅವೆರಡರ ನಡುವಿನ ಕೇಬಲ್. ಕಾರ್ಡ್‌ಗೆ ಎರಡು ಕನೆಕ್ಟರ್ ಇದ್ದು ಒಂದೇ ಕೇಬಲ್‌ನ ಎರಡು ತುದಿ ಹಾಕಿದ್ದರೆ, ಪ್ರತ್ಯೇಕ ಎರಡು ಕೇಬಲ್ ಹಾಕಿ ನೋಡಿ. ಸ್ನೇಹಿತರ ಹತ್ತಿರ ಒಳ್ಳೆಯ ಪವರ್ ಸಪ್ಲೈ ಇದ್ದರೆ ಎರಡು ದಿನಕ್ಕೆ ಕೇಳಿ ತನ್ನಿ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆಗ ಅದರ ಕೇಬಲ್‌ಗಳನ್ನೂ ಜೊತೆಗೇ ತನ್ನಿ. ಬಿಚ್ಚಿ ಹಾಕುವ ಥರದ ಕೇಬಲ್‌ಗಳು ನೋಡಲು ಒಂದೇ ಥರ ಇದ್ದರೂ ಪವರ್ ಸಪ್ಲೈ ಕಡೆಯ ಪಿನ್ ಜೋಡಣೆ ಬೇರೆ ಬೇರೆ ಇರುತ್ತದೆ. ಹಳೇ ಕೇಬಲ್‌ಗೆ ಹೊಸ ಪವರ್ ಸಪ್ಲೈ ಸೇರಿಸಿದರೆ ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ರ‍್ಯಾಮ್‌ಗೆ ಮೊದಲು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆಫ್ ಮಾಡಿ ಎರಡು ದಿನ ಓಡಿಸಿ. ನಿಂತರೆ ರ‍್ಯಾಮ್ ಆ ವೇಗ ತಾಳುತ್ತಿಲ್ಲ. ನಿಲ್ಲದಿದ್ದರೆ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷಿಸುವ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ, ‘ಒಂದು ತಾನೇ’ ಅನ್ನೋ ಹಾಗಿಲ್ಲ. ಆಗ ಒಂದೊಂದೇ ಸ್ಟಿಕ್ ಹಾಕಿ ಓಡಿಸಿ. ತಪ್ಪು ಸ್ಟಿಕ್ ಜೊತೆ ಹೋಗುತ್ತದಾ, ಸ್ಲಾಟ್‌ನಲ್ಲೇ ಉಳಿಯುತ್ತದಾ ನೋಡಿ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ತಪ್ಪು ಬರುತ್ತಿದ್ದರೆ ಮಾತ್ರ ರಿಪೇರಿಯವರ ಮಾತಿಗೆ ಸ್ವಲ್ಪ ತೂಕ ಬರುತ್ತದೆ.

ನಿಮ್ಮದು ರೈಜನ್ ಪ್ರೊಸೆಸರ್ ಆಗಿದ್ದು, ಸುಮ್ನೆ ಇದ್ದಾಗಲೇ ಜಾಸ್ತಿ ರೀಸ್ಟಾರ್ಟ್ ಆಗುತ್ತಿದ್ದರೆ ಬಯೋಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಇದೆಯಾ ನೋಡಿ, ಇದ್ದರೆ ‘ಟಿಪಿಕಲ್ ಕರೆಂಟ್ ಐಡಲ್’ ಅಂತ ಇಡಿ. ಕೆಲಸವಿಲ್ಲದಾಗ ಪ್ರೊಸೆಸರ್ ಎಳೆಯುವ ಕರೆಂಟ್ ತೀರಾ ಕಡಿಮೆ ಆಗೋದನ್ನು ಇದು ತಪ್ಪಿಸುತ್ತದೆ. ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಆಗಿದ್ದರೆ ಬಯೋಸ್ ಅಪ್‌ಡೇಟ್ ಮಾಡಲೇಬೇಕು. ಅವುಗಳಲ್ಲಿ ಕೆಲವು ಜಾಸ್ತಿ ವೋಲ್ಟೇಜ್‌ನಿಂದ ಹಾಳಾಗುತ್ತಿದ್ದವು, 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ) ತಿದ್ದುಪಡಿ ಬಿಟ್ಟು ವಾರಂಟಿಯನ್ನೂ ವಿಸ್ತರಿಸಿತು.

ಹಾರ್ಡ್ ಡಿಸ್ಕ್ ಕೆಟ್ಟರೆ ಸಾಮಾನ್ಯವಾಗಿ ಕಂಪ್ಯೂಟರ್ ತಡವರಿಸುತ್ತದೆ, ಹ್ಯಾಂಗ್ ಆಗುತ್ತದೆ. ಹೀಗೆ ಪಟ್ ಅಂತ ರೀಸ್ಟಾರ್ಟ್ ಆಗೋದು ಕಡಿಮೆ. ಹಾಗಾಗಿ ಅದನ್ನು ಕೊನೆಗೆ ನೋಡೋಣ. ಬ್ಯಾಕಪ್ ಮಾತ್ರ ಇವತ್ತೇ ತೆಗೆದಿಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ದಿನ ಬರೆದಿಟ್ಟುಕೊಳ್ಳಿ. ಎರಡು ಒಟ್ಟಿಗೆ ಮಾಡಿ ಸರಿಹೋದರೆ ಯಾವುದರಿಂದ ಅಂತ ಗೊತ್ತಾಗೋದಿಲ್ಲ. ಸದ್ಯಕ್ಕೆ 41ರ ಡೀಟೇಲ್ಸ್‌ನಲ್ಲಿರುವ ಬಗ್‌ಚೆಕ್‌ಕೋಡ್ ಸಂಖ್ಯೆ, ಮಾನಿಟರ್ ದೀಪ ಏನಾಯಿತು ಅನ್ನೋದು, ಪವರ್ ಸಪ್ಲೈ ಮೇಲೆ ಬರೆದಿರುವ ವ್ಯಾಟ್ ಮತ್ತು ಗ್ರಾಫಿಕ್ಸ್ ಕಾರ್ಡ್ ಮಾಡೆಲ್, ಈ ನಾಲ್ಕು ತಿಳಿಸಿ. ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.