ಜಡೆಯ ತುದಿಯಲ್ಲಿ ಗುಂಡಿದ್ದರೆ ಅದು ಶೋಕವಲ್ಲ

ಪ್ರಾಚೀನ ಈಜಿಪ್ಟಿನ ಸ್ಮಶಾನಭೂಮಿಯಾದ ಸಕ್ಕಾರಾದ ಗೋರಿಯೊಂದರ ಉಬ್ಬುಶಿಲ್ಪದಲ್ಲಿ ಕಾಲೆತ್ತಿ ಹಿಂದಕ್ಕೆ ಬಾಗಿದ ಹೆಂಗಸರು ಅಳುತ್ತಿದ್ದಾರೆಯೇ ಎಂದು ಕೇಳಿದ್ದೀರಿ. ಬಹುಶಃ ಇಲ್ಲ, ಅದು ಹಾಥೋರ್ ದೇವಿಯ ನೃತ್ಯವಿರಬೇಕು. ಗೋರಿಯೆಂದ ಮಾತ್ರಕ್ಕೆ ಎಲ್ಲವೂ ಗೋಳಲ್ಲ.

ಮೊದಲು ಜಡೆಯ ತುದಿ ನೋಡಿ. ಅಲ್ಲಿ ದುಂಡನೆಯ ಗುಂಡು ತೂಗುತ್ತಿದ್ದರೆ ಅವರು ನರ್ತಕಿಯರು. ಅದು ಸೂರ್ಯಬಿಂಬದ ಸಂಕೇತ ಎಂಬ ವಾದವಿದೆ, ಒಮ್ಮತವಿಲ್ಲ. ಬಳಿಕ ಕೈ ನೋಡಿ. ಒಂದರಲ್ಲಿ ಕನ್ನಡಿ, ಇನ್ನೊಂದರಲ್ಲಿ ಅಂಗೈ ಆಕಾರದ ತಾಳವಿದ್ದರೆ ಸಂದೇಹ ಬೇಡ. ಸಕ್ಕಾರಾದಲ್ಲೇ ಇರುವ, ಆರನೆಯ ರಾಜವಂಶದ ಮಂತ್ರಿ ಮೆರೆರುಕನ ಗೋರಿಯಲ್ಲಿ ಇಂಥದ್ದೇ ದೃಶ್ಯವಿದೆ. ಶೋಕಿಸುವವರಾದರೆ ಸಾಮಾನ್ಯವಾಗಿ ತಲೆಯ ಮೇಲೆ ಕೈಹೊತ್ತಿರುತ್ತಾರೆ.

ಅಂಗೈಯನ್ನೂ ನೆಲಕ್ಕೂರಿ ಕಮಾನಿನಂತೆ ಬಾಗಿದ್ದರೆ ಸಕ್ಕಾರಾ ಎನ್ನುವ ಚಿತ್ರದ ಶೀರ್ಷಿಕೆಯನ್ನೇ ಅನುಮಾನಿಸಿ. ಅದು ಕಾರ್ನಾಕ್ ದೇವಾಲಯದಲ್ಲಿರುವ, ಈಜಿಪ್ಟನ್ನು ಆಳಿದ ರಾಣಿ ಹತ್ಶೆಪ್ಸುತ್‌ಳ ಕೆಂಪು ಮಂದಿರದ್ದಿರಬಹುದು. ಅದರ ಚಿತ್ರಗಳೊಂದಿಗೆ ಹೋಲಿಸಿ ನೋಡಿ.