ಮೂರು ಗರಿಯ ನವಿಲು

ಬೀದರ್‌ನಿಂದ ಪತ್ರ ಬರೆದ ತಾಯಿಗೆ ನಮಸ್ಕಾರ.

ನಿಮ್ಮ ಏಳು ವರ್ಷದ ಮಗಳು ಕೋಟೆ, ನವಿಲು ಅಂತ ಹೊತ್ತು ಹೋಗಿದ್ದೇ ಗೊತ್ತಾಗದೆ ಚಿತ್ರ ಬಿಡಿಸುತ್ತಿದ್ದಳು. ಖುಷಿಯಾಗಿ ಅವರಪ್ಪ ಚಿತ್ರಕ್ಕೆ ಹತ್ತು ರೂಪಾಯಿ ಅಂದರು. ಈಗ ನವಿಲಿಗೆ ಮೂರೇ ಗರಿ ಎಳೆದು ಕೈ ಚಾಚುತ್ತಾಳೆ. ದುಡ್ಡಿಲ್ಲ ಅಂದರೆ ಪೆನ್ಸಿಲ್ ಮುಟ್ಟುವುದಿಲ್ಲ. "ಇಷ್ಟು ಸಣ್ಣವಳಿಗೆ ದುರಾಸೆ ಬಂತಾ?" ಅಂತ ಕೇಳಿದ್ದೀರಿ.

ಇಲ್ಲಮ್ಮ, ದುರಾಸೆ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲೂ ಹೀಗೇ ಆಗಿತ್ತು. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಅಲ್ಲಿ ಮಾಡಿದ ಪ್ರಯೋಗವನ್ನು 1973ರಲ್ಲಿ ಪ್ರಕಟಿಸಿದರು. ಬಣ್ಣದ ಪೆನ್ನು ಅಂದರೆ ಪ್ರಾಣ ಬಿಡುವ ಮಕ್ಕಳು ಅವರು. ಕೆಲವರಿಗೆ ಚಿತ್ರ ಬರೆದರೆ ಬಂಗಾರದ ನಕ್ಷತ್ರ, ಕೆಂಪು ರಿಬ್ಬನ್ ಇರುವ ಪ್ರಮಾಣಪತ್ರ ಕೊಡ್ತೀವಿ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟರು. ಮೊದಲೇ ಮಾತು ಪಡೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಬಹುಮಾನಕ್ಕಾಗಿ ಬರೆದಿದ್ದ ಅವರ ಚಿತ್ರಗಳೂ ಸೊರಗಿದ್ದವು. ಅಚಾನಕ್ ಸಿಕ್ಕವರ ಆಸೆ ಮಾತ್ರ ಕುಗ್ಗಿರಲಿಲ್ಲ.

ಕೆಡಿಸಿದ್ದು ಹತ್ತು ರೂಪಾಯಿಯಲ್ಲ, ಮೊದಲೇ ಕಟ್ಟಿದ ದರ. ದರ ಕಟ್ಟಿದ ಮೇಲೆ ಆಟ ಕೂಲಿಯಾಗುತ್ತದೆ. ಕೂಲಿಯಲ್ಲಿ ನಾಲ್ಕನೇ ಗರಿ ಯಾರಿಗೆ ಬೇಕು, ಅಲ್ವಾ? ಬಟ್ಟೆ ಮಡಚುವಂಥ ಬೇಸರದ ಕೆಲಸಕ್ಕೆ ನಾಲ್ಕು ಕಾಸು ಕೊಟ್ಟರೆ ಅಷ್ಟು ತೊಂದರೆ ಇಲ್ಲ. ಅಲ್ಲಿ ಕಳೆದುಕೊಳ್ಳುವ ಆಸೆಯೇ ಇರುವುದಿಲ್ಲ.

ದುಡ್ಡಿನ ಬದಲು "ಭಾಳ ಶಾಣ್ಯಾ ಇದ್ದಿ" ಅನ್ನಲಾ ಅಂತಲೂ ಕೇಳಿದ್ದೀರಿ. ಅದೂ ಜಾಸ್ತಿ ಬೇಡ. 1998ರಲ್ಲಿ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್, ಕೆರೊಲ್ ಡ್ವೆಕ್ ಕಂಡಿದ್ದು ಇದನ್ನೇ: ಜಾಣತನ ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತ ಕೂಡಲೇ ಕುಗ್ಗಿದರು. ಶ್ರಮ ಹೊಗಳಿಸಿಕೊಂಡವರು ಪಟ್ಟು ಬಿಡಲಿಲ್ಲ. ಅದಕ್ಕೇ ಅವಳ ಚಿತ್ರದ ಬಗ್ಗೆ ಕೇಳಿ. ಈ ಬಾಗಿಲು ಯಾಕೆ ಇಷ್ಟು ಸಣ್ಣದು? ಈ ನವಿಲು ಎಲ್ಲಿಗೆ ಹೊರಟಿದೆ?

ದರ ಇವತ್ತೇ ನಿಲ್ಲಿಸಿ. ಕೆಲವು ದಿನ ಮುನಿಸಿಕೊಳ್ಳಬಹುದು, ತಡೆದುಕೊಳ್ಳಿ. ಒಂದು ಸಂಜೆ ಬಿದರಿ ಕೆಲಸ ನಡೆಯುವ ಕಡೆ ಕರೆದೊಯ್ಯಿರಿ. ಉಳಿ ಹಿಡಿದ ಕೈ ಲೋಹದ ಮೇಲೆ ಬಳ್ಳಿ ಕೊರೆಯುವುದನ್ನು, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರುವುದನ್ನು ಹತ್ತಿರದಿಂದ ನೋಡಲಿ. ಕೋಟೆಯ ಮಣ್ಣು, ನವಸಾಗರ ಅನ್ನುವ ಉಪ್ಪಿನ ನೀರು ತಾಕಿ ಉಳಿದದ್ದೆಲ್ಲ ಕಪ್ಪಾದಾಗ ಬೆಳ್ಳಿ ಯಾಕೆ ಕಪ್ಪಾಗಲಿಲ್ಲ ಅಂತ ಅವಳೇ ಕೇಳುತ್ತಾಳೆ. ಮನೆಗೆ ಬಂದು ಕಾಗದ, ಪೆನ್ಸಿಲ್ ಕೈಗೆ ಸಿಗುವಲ್ಲಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ.

ಮತ್ತೆ ಬರೆದರೆ, ಅವಳು ಒಪ್ಪಿದರೆ, ಆ ಚಿತ್ರ ನಮಗೂ ಕಳಿಸಿ. ಪತ್ರಿಕೆಯಲ್ಲಿ ಹಾಕುತ್ತೇವೆ ಅಂತ ಮಾತ್ರ ಅವಳಿಗೆ ಮೊದಲೇ ಹೇಳಬೇಡಿ.

– ಸಂಪಾದಕ